ಹೆಪಟೈಟಿಸ್ ಬಿ: ಎಂಟೆಕಾವಿರ್ ತಗೋಬೇಕಾ, ಟೆನೊಫೊವಿರ್ ತಗೋಬೇಕಾ?

ಬೆಳಗಾವಿಯ ಡಾಕ್ಟರ್ ಈ ಎರಡು ಹೆಸರು ಹೇಳಿ, ಯೋಚಿಸಿ ಬನ್ನಿ ಅಂದಿದ್ದಾರಾ? ಎರಡೂ ಒಳ್ಳೆಯ ಮಾತ್ರೆಗಳೇ. ಲಿವರ್‌ಗೆ ತಗಲುವ ಈ ವೈರಸ್ ತನ್ನ ನಕಲು ಮಾಡಿಕೊಳ್ಳುವುದಕ್ಕೇ ಅಡ್ಡ ಬರುತ್ತವೆ, ಆದರೆ ಬೇರುಸಮೇತ ಕೀಳುವುದಿಲ್ಲ, ಅದಕ್ಕೇ ವರ್ಷಗಟ್ಟಲೆ ದಿನಾ ನುಂಗಬೇಕು. ಸುಮ್ನೆ ನೀವೇ ನಿಲ್ಲಿಸಿದರೆ ರೋಗ ಒಮ್ಮೆಲೇ ಕೆರಳಬಹುದು.

ಎಂಟೆಕಾವಿರ್‌ಗೆ ಹೊಟ್ಟೆ ಖಾಲಿ ಇರಬೇಕು. ಊಟವಾಗಿ ಎರಡು ತಾಸು, ಮುಂದಿನ ಊಟಕ್ಕೆ ಇನ್ನೆರಡು ತಾಸು. ಬೆಳಿಗ್ಗೆ ರೊಟ್ಟಿ ತಿಂದು ಕಬ್ಬಿನ ಹೊಲಕ್ಕೆ ಹೊರಡುವವರಿಗೆ ರಾತ್ರಿ ಮಲಗುವಾಗ ತಗೊಳ್ಳುವುದೇ ಸುಲಭ. ಹಿಂದೆ ಲ್ಯಾಮಿವುಡಿನ್ ಅನ್ನುವ ಹಳೆಯ ಹೆಪಟೈಟಿಸ್ ಬಿ ಮಾತ್ರೆ ತಗೊಂಡಿದ್ದರೆ ಮಾತ್ರ ಇದು ಬೇಡ, ವೈರಸ್ ಇದಕ್ಕೂ ಬೇಗ ಒಗ್ಗಿಕೊಳ್ಳಬಹುದು.

ಟೆನೊಫೊವಿರ್ ಬಂದದ್ದು ಪ್ರಾಗ್‌ನ ರಸಾಯನ ವಿಜ್ಞಾನಿ ಆಂಟೊನಿನ್ ಹೋಲಿ ಮತ್ತು ಬೆಲ್ಜಿಯಂನ ವೈರಾಣು ವಿಜ್ಞಾನಿ ಎರಿಕ್ ಡಿ ಕ್ಲೆರ್ಕ್ ಸೇರಿ ಮಾಡಿದ ಸಂಶೋಧನೆಯಿಂದ. ಅದು ಉಳಿಸಿದ ಲಿವರ್‌ಗಳನ್ನು ನೆನೆದರೆ ಇಬ್ಬರಿಗೂ ಕೈ ಮುಗಿಯಬೇಕು ಅನಿಸುತ್ತದೆ. ಬಸುರಿಯರಿಗೂ ಇದನ್ನೇ ಕೊಡುತ್ತಾರೆ. ಹಳೆಯ 300 ಮಿಲಿಗ್ರಾಂ ಮಾತ್ರೆ ಕೆಲವರ ಕಿಡ್ನಿ, ಮೂಳೆಗೆ ತೊಂದರೆ ಕೊಡುತ್ತದೆ. ಟಿಎಎಫ್ ಅನ್ನುವ 25 ಮಿಲಿಗ್ರಾಂ ಹೊಸ ರೂಪದಲ್ಲಿ ಆ ಕಾಟ ಕಡಿಮೆ, ಅದನ್ನು ಊಟದ ಜೊತೆಗೇ ತಗೋಬೇಕು.

ಕಿಡ್ನಿ ವೀಕ್ ಇದ್ದರೆ ಎಂಟೆಕಾವಿರ್ ಅಥವಾ ಟಿಎಎಫ್ ಬಗ್ಗೆ ಕೇಳಿ. ಉಳಿದವರಿಗೆ ನಾನು ಹೇಳುವುದು ಟೆನೊಫೊವಿರ್. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಔಷಧಿ ಪುಕ್ಕಟೆ. ದುಡ್ಡು ಕೊಟ್ಟು ಕೊಳ್ಳುವ ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ.