ಲ್ಯಾಮಿನಾರ್, ಬಿಎಸ್‌ಸಿ, ಕಾರ್ಬನ್ ಹುಡ್: ಗಾಳಿ ಯಾವ ಕಡೆ ಬೀಸುತ್ತೆ?

ಲ್ಯಾಬ್‌ನ ಈ ಮೂರು ಗಾಳಿಪೆಟ್ಟಿಗೆಗಳೂ ನೋಡೋಕೆ ಒಂದೇ ತರ. ಸ್ಟೀಲ್ ಮೇಜು, ಮುಂದೆ ಗಾಜು, ಒಳಗೆಲ್ಲೋ ಗುಂಯ್ ಅನ್ನುವ ಫ್ಯಾನ್. ನಾಲ್ಕು ವರ್ಷ ಬಾಳೆ ಟಿಶ್ಯೂ ಕಲ್ಚರ್ ಲ್ಯಾಬ್‌ನಲ್ಲಿ ಹಾರಿಜಾಂಟಲ್ ಲ್ಯಾಮಿನಾರ್ (ಸೋಸಿದ ಗಾಳಿಯನ್ನು ಹಿಂದಿನಿಂದ ನಮ್ಮ ಕಡೆಗೆ ಬೀಸುವ ಮೇಜು) ಮುಂದೆ ಕೂತಿದ್ದ ನಾನು, ಮೈಕ್ರೋಬಯಾಲಜಿ ಲ್ಯಾಬ್‌ಗೆ ಬಂದಾಗ ಅಲ್ಲಿನ ಕ್ಲಾಸ್ 2 ಬಯೋಸೇಫ್ಟಿ ಕ್ಯಾಬಿನೆಟ್ಟನ್ನೂ (ಬಿಎಸ್‌ಸಿ, ಕ್ರಿಮಿಗಳಿಂದ ಕೆಲಸ ಮಾಡುವವರನ್ನೂ ಕಾಯುವ ಪೆಟ್ಟಿಗೆ) ಲ್ಯಾಮಿನಾರ್ ಅಂತಲೇ ಕರೆಯುತ್ತಿದ್ದೆ. ಹಳೇ ಅಭ್ಯಾಸಕ್ಕೆ ಒಳಗೆ ಸ್ಪಿರಿಟ್ ಲ್ಯಾಂಪ್ ಬೇರೆ ಹಚ್ಚಿಟ್ಟೆ. ಸೀನಿಯರ್ ಬಂದು ಮಾತಾಡದೆ ಆರಿಸಿ ಹೋದರು. ಬಿಎಸ್‌ಸಿಯಲ್ಲಿ ಬೆಂಕಿ ಗಾಳಿಯ ಓಟ ಕೆಡಿಸುತ್ತದೆ, ಮೇಲಿನ ಫಿಲ್ಟರ್‌ಗೂ ಒಳ್ಳೆಯದಲ್ಲ.

ವ್ಯತ್ಯಾಸ ಕಣ್ಣಾರೆ ನೋಡಬೇಕಾ? ಒಳಗೇನೂ ಇಲ್ಲದಾಗ, ಸ್ಪಿರಿಟ್ ಬಾಟಲಿ ದೂರ ಇಟ್ಟು, ಹೊರಗಿನಿಂದ ಗಾಜಿನ ಕೆಳಗೆ ಒಂದು ಊದುಬತ್ತಿ ಹಿಡಿಯಿರಿ. ಲ್ಯಾಮಿನಾರ್‌ನಲ್ಲಿ ಹೊಗೆ ಸೀದಾ ನಿಮ್ಮ ಮುಖಕ್ಕೆ ಬರುತ್ತದೆ. ಬಿಎಸ್‌ಸಿಯಲ್ಲಿ ಅದೇ ಹೊಗೆ ಒಳಗೆ ಬಾಗಿ ಮುಂದಿನ ಜಾಲರಿಯೊಳಗೆ ಇಳಿಯುತ್ತದೆ. ಎರಡರಲ್ಲೂ ಇರುವುದು ಹೆಪಾ ಫಿಲ್ಟರ್ರೇ, 0.3 ಮೈಕ್ರಾನ್ ಕಣಗಳನ್ನು ಶೇ 99.97ರಷ್ಟು ಹಿಡಿಯುವಂಥದ್ದು. ಆದರೆ ಲ್ಯಾಮಿನಾರ್ ಕಾಯುವುದು ಬಾಳೆಯನ್ನ, ನಿಮ್ಮನ್ನಲ್ಲ. ರೋಗಿಯ ಸ್ಯಾಂಪಲ್ಲನ್ನು ಅದರಲ್ಲಿ ತೆರೆಯುವುದು ಅಂದರೆ ಕ್ರಿಮಿಗಳನ್ನು ನಾವೇ ಮುಖಕ್ಕೆ ಊದಿಕೊಂಡಂಗೆ.

ಬಿಎಸ್‌ಸಿಯ ಪ್ರಾಣ ಇರುವುದೇ ಆ ಜಾಲರಿಯಲ್ಲಿ. ಒಂದು ಸಲ ಸುಮ್ನೆ ನೋಟ್‌ಬುಕ್ ಅದರ ಮೇಲಿಟ್ಟು ಬರೆಯುತ್ತಾ ಕೂತೆ, ಆ ದಿನದ ಪ್ಲೇಟುಗಳಲ್ಲೆಲ್ಲ ಬೂಷ್ಟು. ಈಗ ಫ್ಯಾನ್ ಹಾಕಿ ಐದು ನಿಮಿಷ ಬಿಡುತ್ತೇನೆ, ಕೈ ಒಳಗಿಟ್ಟ ಮೇಲೂ ಒಂದು ನಿಮಿಷ ಕಾಯುತ್ತೇನೆ, ಕೆಲಸ ಜಾಲರಿಯಿಂದ 10 ಸೆಂಟಿಮೀಟರ್ ಆಚೆ.

ಖರ್ಚು ಮತ್ತು ಆರೈಕೆಯಲ್ಲಿ ಲ್ಯಾಮಿನಾರೇ ಗೆದ್ದಿತು. ದೂಳು ತಡೆಯುವ ಪ್ರೀ ಫಿಲ್ಟರ್ ತೊಳೆದು ಒಣಗಿಸಿದರೆ ಅರ್ಧ ಕೆಲಸ ಮುಗಿಯಿತು. ಬಿಎಸ್‌ಸಿಗೆ ವರ್ಷಕ್ಕೊಮ್ಮೆ ಹೊರಗಿನವರನ್ನು ಕರೆಸಿ ಗಾಳಿಯ ವೇಗ, ಫಿಲ್ಟರ್ ಸೋರಿಕೆ ಪರೀಕ್ಷೆ ಮಾಡಿಸಬೇಕು, ಜಾಗ ಬದಲಿಸಿದರೂ ಮತ್ತೆ. ಬ್ಲೀಚ್ ಹಾಕಿ ಒರೆಸಿದರೆ ಆಮೇಲೆ ನೀರಿನಲ್ಲೂ ಒರೆಸಿ, ಇಲ್ಲಾಂದ್ರೆ ಸ್ಟೀಲ್ ತಿಂದುಹೋಗುತ್ತದೆ. ಯುವಿ ದೀಪವನ್ನು ನಂಬಿ ಒರೆಸುವುದು ಬಿಡಬೇಡಿ, ಅದರ ಬೆಳಕು ತಲುಪದ ಮೂಲೆಗಳು ಬೇಕಾದಷ್ಟಿವೆ.

ಮೂರನೆಯದು ಪೈಪಿಲ್ಲದ ಕಾರ್ಬನ್ ಹುಡ್, ಆವಿಯನ್ನು ಕಾರ್ಬನ್‌ನಲ್ಲಿ ಹಿಡಿದು ಗಾಳಿಯನ್ನು ಕೋಣೆಗೇ ಬಿಡುವಂಥದ್ದು. ಹೆಪಾ ಆವಿಯನ್ನು ಹಿಡಿಯುವುದಿಲ್ಲ, ಅದರ ಮೇಲೆ ಎ2 (ಕ್ಲಾಸ್ 2ರಲ್ಲೇ ಒಂದು ಮಾದರಿ) ಬಿಎಸ್‌ಸಿ ಸುಮಾರು ಶೇ 70 ಗಾಳಿಯನ್ನು ಒಳಗೇ ತಿರುಗಿಸುತ್ತದೆ, ಹಾಗಾಗಿ ಕ್ಲೋರೋಫಾರ್ಮ್ ಕೆಲಸಕ್ಕೆ ಈ ಹುಡ್ ತಂದರು. ಕಿರಿಕಿರಿ ಇದರಲ್ಲೇ ಜಾಸ್ತಿ. ಕಾರ್ಬನ್ ತುಂಬಿದೆಯಾ ಅಂತ ಕಣ್ಣಿಗೆ ಕಾಣುವುದಿಲ್ಲ, ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ, ಅಲ್ವಾ? ಗಾಳಿ ಹೊರಗೆ ಹೋಗುವ ಪೈಪಿನ ಫ್ಯೂಮ್ ಹುಡ್ ಇದ್ದರೆ ನಾನು ಅಲ್ಲಿಗೇ ಹೋಗುತ್ತೇನೆ. ನಮ್ಮ ಕಾರ್ಬನ್ ಹುಡ್ ಪಕ್ಕದಲ್ಲಿ ಯಾರು, ಯಾವ ದ್ರಾವಕ, ಎಷ್ಟು ಗಂಟೆ ಅಂತ ಬರೆಯುವ ಹಾಳೆಯೊಂದು ನೇತಾಡುತ್ತಿದೆ. ಅದರಲ್ಲಿ ಕೊನೆಯ ಆರು ಸಾಲೂ ನನ್ನದೇ ಕೈಬರಹ.