ಸಿಂಹದ ಪಂಜ ಚೆಕ್ಕೆ ಎದ್ದಾಗ ಗೊತ್ತಾದದ್ದು: ಒಂದು ಆನ್‌ಲೈನ್ ಹರಾಜಿನ ವಿಮರ್ಶೆ

ಹಳೇ ಕಂಚಿನ ಸಾಮಾನು, ಯುದ್ಧಕಾಲದ ವಸ್ತುಗಳು, ಶೋಕೇಸಿನಲ್ಲಿಡುವ ಅಲಂಕಾರದ ಚಿಲ್ಲರೆ ಪಲ್ಲರೆ, ಎಲ್ಲವನ್ನೂ ಒಂದೇ ದಿನ ಕೂಗಿದ ಒಂದು ಆನ್‌ಲೈನ್ ಹರಾಜಿನಲ್ಲಿ ನಾನು ಮೂರು ಲಾಟ್, ಅಂದರೆ ಹರಾಜಿಗಿಟ್ಟ ಮೂರು ಸಾಮಾನು, ಗೆದ್ದೆ. ಸಂಸ್ಥೆಯ ಹೆಸರು ಬೇಡ ಬಿಡಿ. ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ, ಅದರಲ್ಲಿ ಎರಡು ಬರೀ ಫೋಟೋಗಳಿಗೆ. ಫೋಟೋ ನಿಜಕ್ಕೂ ಚೆನ್ನಾಗಿದ್ದವು. ತಳ, ಅಂಚು, ಸಹಿ, ಎಲ್ಲ ಹತ್ತಿರದಿಂದ ತೆಗೆದಿದ್ದರು.

ಮೊದಲು ಸಿಂಹದ ಕಥೆ, ಕಂಚಿನದು ಅಂದುಕೊಂಡು ಕೊಂಡ ಮೂರ್ತಿ. ಒಂದೇ ಪದರ ಬಬಲ್ ಶೀಟ್ ಸುತ್ತಿ, ದೊಡ್ಡ ಡಬ್ಬದಲ್ಲಿ ಸುಮ್ನೆ ಎಸೆದು ಕಳಿಸಿದ್ದರು. ತೆರೆದು ನೋಡಿದರೆ ಮುಂಗಾಲಿನ ಪಂಜ ಚೆಕ್ಕೆ ಎದ್ದಿತ್ತು. ಕಂಚಾಗಿದ್ದರೆ ಒಳಗೆ ಹೊಂಬಣ್ಣ ಕಾಣಬೇಕು. ಕಂಡದ್ದು ಬೂದಿ ಬಣ್ಣ! ಸತುವಿನ ಎರಕ, ಮೇಲೆ ಕಂಚಿನ ಬಣ್ಣ. ಇದಕ್ಕೆ ಸ್ಪೆಲ್ಟರ್ ಅಂತಾರೆ, ಹತ್ತೊಂಬತ್ತನೇ ಶತಮಾನದಲ್ಲಿ ಕಂಚು ಕೊಳ್ಳಲಾಗದವರಿಗಾಗಿ ರಾಶಿ ರಾಶಿ ಮಾಡಿದ್ದು.

ಸಿಟ್ಟಿನಲ್ಲಿ ಕ್ಯಾಟಲಾಗ್ ಮತ್ತೆ ತೆಗೆದೆ. ಅಲ್ಲಿ ಇದ್ದದ್ದು ‘ಬ್ರಾಂಜ್’ (ಕಂಚು) ಅಲ್ಲ, ‘ಬ್ರಾಂಜ್ಡ್’, ಅಂದರೆ ಕಂಚಿನ ಬಣ್ಣ ಕೊಟ್ಟದ್ದು. ಕೊನೆಯ ಆ ‘ಡ್’ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ದೂರು ಕೊಟ್ಟೆ, ವಿವರಣೆ ಸರಿಯಾಗಿಯೇ ಇದೆ ಅಂದರು. ಸರಿಯಾಗಿಯೇ ಇತ್ತು, ಅದೇ ಹೊಟ್ಟೆ ಉರಿಯೋದು. ಚೆಕ್ಕೆ ಎದ್ದದ್ದಕ್ಕೆ ಮಾತ್ರ ಒಂದಿಷ್ಟು ಹಣ ವಾಪಸ್ ಬಂತು.

ಇನ್ನೊಂದು ಪದವೂ ಇತ್ತು, ‘ಆಫ್ಟರ್ ಬರೀ’. ಆಂಟ್ವಾನ್ ಲೂಯಿ ಬರೀ ಪ್ಯಾರಿಸ್ಸಿನ ಶಿಲ್ಪಿ, 1795ರಲ್ಲಿ ಹುಟ್ಟಿ 1875ರಲ್ಲಿ ತೀರಿಕೊಂಡವನು, ಸಿಂಹ ಹುಲಿಗಳ ಕಂಚಿನ ಮೂರ್ತಿಗೆ ಹೆಸರುವಾಸಿ. ‘ಆಫ್ಟರ್’ ಅಂದರೆ ಅವನದನ್ನು ನೋಡಿಕೊಂಡು ಬೇರೆ ಯಾರೋ ಮಾಡಿದ್ದು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬರೀ ನಕಲು. ಸಹಿ ಇದೆಯಲ್ಲ ಅಂತ ನಾನು ಕುಣಿದಿದ್ದೆ. ಸಹಿಯನ್ನೂ ಅಚ್ಚಿನಲ್ಲೇ ಎರಕ ಹೊಯ್ಯಬಹುದು ಅಲ್ವಾ? ಅಸಲಿ ಕಂಚಿನಲ್ಲೂ ಇನ್ನೊಂದು ಆಟ ಇದೆ. ಸಿದ್ಧ ಮೂರ್ತಿಯಿಂದಲೇ ಅಚ್ಚು ತೆಗೆದು ಮತ್ತೆ ಎರಕ ಹೊಯ್ದರೆ, ಲೋಹ ಆರುವಾಗ ಕುಗ್ಗುವುದರಿಂದ ಹೊಸದು ಸ್ವಲ್ಪ ಚಿಕ್ಕದಾಗುತ್ತದೆ, ಕೂದಲಿನ ಗೆರೆಗಳೂ ಮಸುಕಾಗುತ್ತವೆ. ಅದಕ್ಕೇ ಮಿಲಿಮೀಟರ್ ಲೆಕ್ಕದಲ್ಲಿ ಅಳತೆ ಕೇಳಬೇಕು. ಇವರು ಎತ್ತರ ಮಾತ್ರ ಕೊಟ್ಟಿದ್ದರು, ತೂಕ ಕೊಟ್ಟಿರಲಿಲ್ಲ. ಮ್ಯಾಗ್ನೆಟ್ ಹಿಡಿದು ಪರೀಕ್ಷೆ ಮಾಡಿ ಅಂತ ಕೆಲವರು ಹೇಳುತ್ತಾರೆ. ಅದು ಕಬ್ಬಿಣವನ್ನು ಮಾತ್ರ ಹಿಡಿದುಕೊಡುತ್ತದೆ, ಸತುವಿಗೂ ಅಂಟಲ್ಲ, ಕಂಚಿಗೂ ಅಂಟಲ್ಲ.

ಎರಡನೇ ಲಾಟ್ ಅಪ್ಪಟ ಕಂಚು. ಮೊದಲ ಮಹಾಯುದ್ಧದಲ್ಲಿ ಸತ್ತ ಬ್ರಿಟಿಷ್ ಸಾಮ್ರಾಜ್ಯದ ಸೈನಿಕರ ಮನೆಯವರಿಗೆ ಕೊಟ್ಟ ಸ್ಮರಣೆಯ ಬಿಲ್ಲೆ, ಸುಮಾರು 12 ಸೆಂಟಿಮೀಟರ್ ಅಗಲ, ಬ್ರಿಟನ್ನಿನ ಸಂಕೇತವಾದ ಹೆಣ್ಣುಮೂರ್ತಿ ಬ್ರಿಟಾನಿಯಾ ಮತ್ತು ಸಿಂಹದ ಚಿತ್ರ. ಜನ ಇದನ್ನು ‘ಸತ್ತವನ ಪೆನ್ನಿ’ ಅಂತ ಕರೆದರು. 13 ಲಕ್ಷಕ್ಕೂ ಹೆಚ್ಚು ಮಾಡಿದ್ದರು, ಹಾಗಾಗಿ ಬಿಲ್ಲೆ ಅಪರೂಪ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೆಸರು ಕೊರೆದದ್ದಲ್ಲ, ಎರಕದಲ್ಲೇ ಉಬ್ಬಿ ಬಂದಿರುತ್ತದೆ. ಇದಕ್ಕೆ ನಾನು ಮೊದಲೇ ಕಂಡೀಶನ್ ರಿಪೋರ್ಟ್, ಅಂದರೆ ವಸ್ತು ಯಾವ ಸ್ಥಿತಿಯಲ್ಲಿದೆ ಅನ್ನೋ ವರದಿ, ಕೇಳಿದ್ದೆ. ಒಂದೇ ದಿನದಲ್ಲಿ ಹೆಸರಿನ ಜಾಗದ ಫೋಟೋ ಕಳಿಸಿದರು, ಶಭಾಷ್ ಅನ್ನಲೇಬೇಕು. ಸಿಂಹಕ್ಕೂ ಹೀಗೇ ಕೇಳಿದ್ದಿದ್ದರೆ!

ಆದರೆ ಲಾಟಿನ ತಲೆಬರಹದಲ್ಲಿ ‘ಸೋಮ್ ಕದನದಲ್ಲಿ ಮಡಿದ ಯೋಧ’ ಅಂತ ಹಾಕಿದ್ದರು. ಬಿಲ್ಲೆಯ ಮೇಲೆ ಹೆಸರು ಬಿಟ್ಟರೆ ದರ್ಜೆ ಇಲ್ಲ, ರೆಜಿಮೆಂಟ್ ಇಲ್ಲ. ಬೇಕಂತಲೇ ಬಿಟ್ಟದ್ದು, ಸತ್ತವರಲ್ಲಿ ಮೇಲುಕೀಳು ಬೇಡ ಅಂತ. ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ದಾಖಲೆ ಉಚಿತವಾಗಿ ನೋಡಲು ಸಿಗುತ್ತದೆ, ಹುಡುಕಿದರೆ ಅದೇ ಹೆಸರಿನವರು ಹಲವರು ಬಂದರು. ಹಾಗಾದರೆ ಫ್ರಾನ್ಸಿನಲ್ಲಿ ನಡೆದ 1916ರ ಸೋಮ್ ಕದನ ಎಲ್ಲಿಂದ ಬಂತು? ಕೇಳಿದೆ. ಹರಾಜಿಗೆ ತಂದುಕೊಟ್ಟವರು ಹೇಳಿದ್ದು ಅಂದರು. ಒಂದು ಕಾಗದವಿಲ್ಲ, ಪದಕವಿಲ್ಲ. ಆ ಒಂದು ಸಾಲಿಗಾಗಿಯೇ ಕೂಗು ಏರಿತು, ಏರಿಸಿದವರಲ್ಲಿ ನಾನೂ ಒಬ್ಬ. ಮೇಲಿಂದ ಯಾರೋ ಪುಣ್ಯಾತ್ಮ ಬಿಲ್ಲೆಯನ್ನು ಪಾಲಿಶ್ ಹಾಕಿ ಪಳಪಳ ಮಾಡಿಟ್ಟಿದ್ದಾನೆ. ನೂರು ವರ್ಷ ಕೂತ ಕಂದು ಬಣ್ಣ ಹೋಯಿತು. ಇವರು ಅದನ್ನು ‘ಚೊಕ್ಕ ಸ್ಥಿತಿ’ ಅಂತ ಬರೆದಿದ್ದಾರೆ.

ಮೂರನೆಯದು ಫಿರಂಗಿ ಶೆಲ್ಲಿನ ಖಾಲಿ ಕೋಶದ ಹೂದಾನಿ. ಹಿತ್ತಾಳೆಯದು, ಆದರೂ ಕಂಚಿನ ವಿಭಾಗಕ್ಕೆ ಸೇರಿಸಿದ್ದರು. ತಳದಲ್ಲಿ ಪೋಲ್ಟೆ, ಮಾಗ್ಡೆಬರ್ಗ್, 1917 ಅಂತ ಮುದ್ರೆ ಇದೆ, ಅಂದರೆ ಜರ್ಮನ್ ಕಾರ್ಖಾನೆಯದು. ಕೋಶದ ವರ್ಷ ಅದು, ಮೇಲಿನ ಎಲೆಬಳ್ಳಿ ಕೆತ್ತನೆಯ ವರ್ಷ ಅಲ್ಲ. ಇಂಥವನ್ನು ಯುದ್ಧ ಮುಗಿದ ಮೇಲೆ ಪ್ರವಾಸಿಗಳಿಗಾಗಿಯೂ ಬೇಕಾದಷ್ಟು ಮಾಡಿ ಮಾರಿದ್ದಾರೆ. ನನಗೆ ಅದರ ಬಗ್ಗೆ ತಕರಾರಿಲ್ಲ, ಕೆಲಸ ಚಂದ ಇದೆ. ತಕರಾರಿರುವುದು ತಳದ ಪ್ರೈಮರ್, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಸ್ಫೋಟಕದ ಭಾಗ, ಸಿಡಿದಿದೆಯೋ ಇಲ್ಲವೋ ಅಂತ ಕ್ಯಾಟಲಾಗಿನಲ್ಲಿ ಒಂದು ಮಾತೂ ಇಲ್ಲದ್ದಕ್ಕೆ. ಸಿಡಿದಿತ್ತು, ಪುಣ್ಯ. ಇದನ್ನು ಕೊಳ್ಳುವವನು ಊಹಿಸಬೇಕಾ?

ಖರ್ಚಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಶೇಕಡ 25 ಕಮಿಷನ್, ಅದರ ಮೇಲೆ ತೆರಿಗೆ, ಸಾಗಣೆ ಬೇರೆ. ಇದನ್ನೆಲ್ಲ ಮೊದಲೇ ಹೇಳಿದ್ದರು, ಮೋಸ ಇಲ್ಲ. ಕೊನೇ ಕ್ಷಣದಲ್ಲಿ ಯಾರಾದರೂ ಬಿಡ್ ಹಾಕಿದರೆ ಹರಾಜು ಮುಗಿಯುವ ಹೊತ್ತು ಮತ್ತೆ ಎರಡು ನಿಮಿಷ ಮುಂದೆ ಹೋಗುತ್ತದೆ. ಆ ಎರಡು ನಿಮಿಷದಲ್ಲೇ ನಾನು ಹಾಕಿಕೊಂಡಿದ್ದ ಮಿತಿಯನ್ನು ಎರಡು ಸಲ ದಾಟಿದೆ.

ಸಿಂಹವನ್ನು ಮಾರಿಲ್ಲ. ಚೆಕ್ಕೆ ಎದ್ದ ಪಂಜ ಗೋಡೆ ಕಡೆಗೆ ಬರುವ ಹಾಗೆ ತಿರುಗಿಸಿ ಇಟ್ಟಿದ್ದೇನೆ.