2010ರ ಮೂರು ಬಾಟಲಿ: ಸಾಂ-ಜುಲಿಯೆನ್, ಸಾಂತ್-ಎಮಿಲಿಯೋನ್, ಬಾಂದೋಲ್

ಹತ್ತಿಪ್ಪತ್ತು ವರ್ಷ ಇಟ್ಟು ಕುಡಿಯುವಂಥ ಫ್ರೆಂಚ್ ಕೆಂಪು ವೈನ್ ಯಾವುದು ಅಂತ ಕೇಳಿದರೆ ಥಟ್ಟನೆ ಬರುವ ಉತ್ತರ ಬೋರ್ಡೋ. ನಾನಿರುವ ಟುಲೂಸ್‌ನಲ್ಲಂತೂ ಬೇರೆ ಮಾತೇ ಇಲ್ಲ, ಇಲ್ಲಿ ಹರಿಯುವ ಗರೋನ್ ನದಿಯೇ ಮುಂದೆ ಬೋರ್ಡೋ ಸೇರುತ್ತದೆ. ಆದರೆ ದುಡ್ಡು ಕೊಟ್ಟು ವರ್ಷಗಟ್ಟಲೆ ಕಾಯುವವರು ಮೆಡಿಟರೇನಿಯನ್ ಕರಾವಳಿಯ ಬಾಂದೋಲ್ ಕಡೆ ತಿರುಗಿ ನೋಡಲೇಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೋರ್ಡೋದ ಎಡದಂಡೆಯ ಸಾಂ-ಜುಲಿಯೆನ್, ಬಲದಂಡೆಯ ಸಾಂತ್-ಎಮಿಲಿಯೋನ್, ಜೊತೆಗೆ ಒಂದು ಬಾಂದೋಲ್. ಮೂರೂ 2010ರ ಬೆಳೆ, ಮೂರೂ ಹಲವು ತಳಿಯ ದ್ರಾಕ್ಷಿ ಸೇರಿಸಿ ಮಾಡಿದವು. ಒಟ್ಟಿಗೆ ತೆರೆದು ಹೋಲಿಸಿ ನೋಡಿದೆ.

ಮಧ್ಯಾಹ್ನ ತೆರೆದು, ಒಂದೇ ಥರದ ಗ್ಲಾಸುಗಳಲ್ಲಿ, 17 ಡಿಗ್ರಿ ಆಸುಪಾಸಿನಲ್ಲಿ ಸ್ವಲ್ಪ ಸ್ವಲ್ಪ ರುಚಿ ನೋಡಿದ್ದು. ರಾತ್ರಿ ಬಾತುಕೋಳಿಯ ಎದೆಮಾಂಸದ ಜೊತೆ ಮತ್ತೆ. ಪ್ರತಿಯೊಂದರಲ್ಲೂ ಅರ್ಧ ಉಳಿಸಿ, ಬಿರಡೆ ಹಾಕಿಟ್ಟು, ಮರುದಿನ ಸಂಜೆ ಇನ್ನೊಮ್ಮೆ. ಈ ಮರುದಿನದ ಗುಟುಕನ್ನು ನಾನು ಬಹಳ ನಂಬುತ್ತೇನೆ. ಗಾಳಿ ತಾಗಿದ ಮೇಲೂ ಹಣ್ಣಿನ ರುಚಿ ನಿಂತರೆ ಆ ವೈನ್‌ಗೆ ಇನ್ನೂ ಆಯಸ್ಸಿದೆ ಅಂತ ಅರ್ಥ. ಬರೀ ಒಗರು ಜೋರಾಗಿದ್ದರೆ ಸಾಲದು. ಒಗರು ಇಳಿಯುವ ಹೊತ್ತಿಗೆ ಹಣ್ಣೂ ಸತ್ತಿದ್ದರೆ ಕಾದದ್ದು ದಂಡ.

ಸಾಂ-ಜುಲಿಯೆನ್‌ನಲ್ಲಿ ಕ್ಯಾಬರ್ನೆ ಸಾವಿನ್ಯೋನ್ ದ್ರಾಕ್ಷಿಯದೇ ಮೇಲುಗೈ, ಜೊತೆಗೆ ಮೆರ್ಲೊ ತಳಿ. ತಡವಾಗಿ ಹಣ್ಣಾಗುವ ಕ್ಯಾಬರ್ನೆಗೆ ಎಡದಂಡೆಯ ಜಲ್ಲಿ ನೆಲ ಹೇಳಿ ಮಾಡಿಸಿದ್ದು: ನೀರು ನಿಲ್ಲುವುದಿಲ್ಲ, ಬಿಸಿಲ ಕಾವನ್ನು ಹಿಡಿದಿಡುತ್ತದೆ. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ನೋಡಿದೆ. ನಡುವೆ ಕಡುಗೆಂಪು, ಅಂಚಿನಲ್ಲಿ ಮಾತ್ರ ಇಟ್ಟಿಗೆ ಬಣ್ಣದ ಸಣ್ಣ ಗೆರೆ. ಪೆನ್ಸಿಲ್ ಹೆರೆದಾಗ ಬರುವ ಮರದ ವಾಸನೆ, ಒಣ ತಂಬಾಕು, ಆಮೇಲೆ ಕಪ್ಪು ಕರಂಟ್. ಒಗರು ಇನ್ನೂ ವಸಡು ಹಿಡಿಯುತ್ತದೆ, ಆದರೆ ಜರಡಿ ಹಿಡಿದ ಹಿಟ್ಟಿನಷ್ಟು ನುಣುಪು. 2010ರ ಬೇಸಿಗೆ ಒಣ, ರಾತ್ರಿಗಳು ತಂಪು. ಆ ವರ್ಷದ ಹುಳಿ ಈಗಲೂ ವೈನನ್ನು ನೆಟ್ಟಗೆ ನಿಲ್ಲಿಸಿದೆ. ಮರುದಿನ ಚೂರೂ ಅಲ್ಲಾಡಿರಲಿಲ್ಲ.

ಸಾಂತ್-ಎಮಿಲಿಯೋನ್ ಮೊದಲ ಗುಟುಕಿಗೇ ಮನಸ್ಸು ಗೆದ್ದಿತು. ಸುಣ್ಣಕಲ್ಲು, ಜೇಡಿಮಣ್ಣಿನ ನೆಲ. ಹೆಚ್ಚು ಮೆರ್ಲೊ, ಸ್ವಲ್ಪ ಕ್ಯಾಬರ್ನೆ ಫ್ರಾಂ. ಪ್ಲಮ್, ಕೋಕೋ, ಮೃದುವಾದ ಒಗರು. ಊಟದ ಹೊತ್ತಿಗೆ ಮೊದಲು ಖಾಲಿಯಾದ ಗ್ಲಾಸ್ ಇದೇ. ಮರುದಿನ ಮಾತ್ರ ಹಣ್ಣು ಹಿಂದೆ ಸರಿದು, ಗಂಟಲಲ್ಲಿ ಆಲ್ಕೋಹಾಲಿನ ಬಿಸಿ ಕಾಣಿಸಿಕೊಂಡಿತು. ಈ ಬಾಟಲಿ ಕುಡಿಯಲು ಈಗಲೇ ಸಮಯ, ಇನ್ನೂ ಕಾಯಬೇಕಾಗಿಲ್ಲ.

ಬಾಂದೋಲ್ ವಿಷಯವೇ ಬೇರೆ. ತುಲೋನ್ ಹತ್ತಿರ, ಸಮುದ್ರಕ್ಕೆ ಮುಖ ಮಾಡಿದ ಮೆಟ್ಟಿಲು ಮೆಟ್ಟಿಲು ತೋಟಗಳು. ಕೆಂಪು ಬಾಂದೋಲ್‌ನಲ್ಲಿ ಕನಿಷ್ಠ ಅರ್ಧದಷ್ಟು ಮೂರ್ವೆದ್ರ್ ದ್ರಾಕ್ಷಿ ಇರಬೇಕು, 18 ತಿಂಗಳು ಮರದ ಪೀಪಾಯಿಯಲ್ಲಿ ಕಳೆಯಬೇಕು ಅಂತ ನಿಯಮವಿದೆ. ಉಳಿದದ್ದು ಹೆಚ್ಚಾಗಿ ಗ್ರೆನಾಶ್, ಸಿನ್ಸೊ. ತೆರೆದ ತಕ್ಷಣ ಒದ್ದೆ ಚರ್ಮದ ವಾಸನೆ, ಹೊಗೆ. ಹಣ್ಣಿನ ಸುಳಿವೇ ಇಲ್ಲ. ಇಷ್ಟಕ್ಕೇ ಕೆಟ್ಟುಹೋಗಿದೆ ಅಂತ ಯಾರೂ ಚೆಲ್ಲಬಾರದು. ಮೂರ್ವೆದ್ರ್ ಬಾಟಲಿಯೊಳಗೆ ಮುದುಡಿಕೊಂಡು ಕೂರುವ ತಳಿ, ಗಾಳಿ ಬೇಡುತ್ತದೆ. ಗಸಿ ಬಿಟ್ಟು ಮೇಲಿನ ತಿಳಿಯನ್ನು ಅಗಲ ಬಾಯಿಯ ಹೂಜಿಗೆ ಬಗ್ಗಿಸಿದೆ. ರಾತ್ರಿ ಊಟದ ವೇಳೆಗೆ ಬ್ಲ್ಯಾಕ್‌ಬೆರಿ, ಬಿಸಿಲಿಗೆ ಒಣಗಿದ ಥೈಮ್ ಎಲೆ, ಕಪ್ಪು ಆಲಿವ್ ಒಂದೊಂದಾಗಿ ಎದ್ದು ಬಂದವು. ಬಾತುಕೋಳಿಯ ಕೊಬ್ಬಿಗೆ ಇದರ ಒಗರು ಮಿಕ್ಕೆರಡಕ್ಕಿಂತ ಚೆನ್ನಾಗಿ ಒಗ್ಗಿತು. ಮರುದಿನ ಇನ್ನೂ ಚೆನ್ನಾಗಿತ್ತು! ಮೂರರಲ್ಲಿ ಎರಡನೇ ದಿನ ಮೇಲೇರಿದ್ದು ಇದೊಂದೇ. ಬೇಗ ಗಾಳಿಗೆ ಸೋಲುವ ಗ್ರೆನಾಶನ್ನೂ ಮೂರ್ವೆದ್ರ್ ಕಾಪಾಡುತ್ತದೆ, ಈ ಮಿಶ್ರಣದ ಗುಟ್ಟು ಅಲ್ಲಿದೆ.

ನಯ, ಅಚ್ಚುಕಟ್ಟು ನೋಡಿದರೆ ಸಾಂ-ಜುಲಿಯೆನ್‌ಗೇ ಮೊದಲ ಸ್ಥಾನ, ಅದರಲ್ಲಿ ಅನುಮಾನವಿಲ್ಲ. ಆದರೆ ನನ್ನದು ಬೋರ್ಡೋ ವೈನ್‌ಗಳ 1855ರ ವರ್ಗೀಕರಣದಲ್ಲಿ ಸೇರಿದ ಮನೆತನದ ವೈನ್. ಮೂರನೇ ನೆಪೋಲಿಯನ್ನನ ಪ್ಯಾರಿಸ್ ಪ್ರದರ್ಶನಕ್ಕಾಗಿ ದಲ್ಲಾಳಿಗಳು ಆಗಿನ ಮಾರುಕಟ್ಟೆ ಬೆಲೆ ನೋಡಿ ಹಾಕಿಕೊಟ್ಟ ಆ ಪಟ್ಟಿ ಇವತ್ತಿಗೂ ಬೆಲೆ ಏರಿಸುತ್ತಿದೆ. ಬಾಂದೋಲ್‌ಗೆ ನಾನು ಕೊಟ್ಟದ್ದು ಅದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಒಂದು ಬಾಟಲಿ ಉಡುಗೊರೆ ಕೊಡುವುದಾದರೆ ಸಾಂ-ಜುಲಿಯೆನ್, ಪೆಟ್ಟಿಗೆಗಟ್ಟಲೆ ಕೊಂಡು ವರ್ಷಕ್ಕೊಂದು ತೆರೆಯುವುದಾದರೆ ಬಾಂದೋಲ್.

ಊರಿಗೆ ಒಯ್ಯುವವರಿಗೆ ನನ್ನ ಲೆಕ್ಕ ಬೇರೆ. ಸುಂಕವಿಲ್ಲದೆ ಒಬ್ಬರು ತರಬಹುದಾದದ್ದು ಎರಡು ಲೀಟರ್, ಅಂದರೆ ಮುಕ್ಕಾಲು ಲೀಟರಿನ ಎರಡು ಬಾಟಲಿ. ಹೀಗೆ ಇಡುವ ವೈನ್‌ಗೆ 12–14 ಡಿಗ್ರಿ ಬೇಕು. ಬೆಂಗಳೂರಿನ ಏಪ್ರಿಲ್‌ನಲ್ಲಿ ಅಡುಗೆಮನೆಯ ಕಪಾಟು ಆ ಕೆಲಸಕ್ಕಾಗುವುದಿಲ್ಲ. ವೈನ್ ಫ್ರಿಜ್ ಇಲ್ಲದ ಮನೆಗೆ ಸಾಂತ್-ಎಮಿಲಿಯೋನ್ ಒಯ್ದು, ಒಂದೆರಡು ವಾರ ಮಲಗಿಸಿಟ್ಟು ಗಸಿ ಕೂತ ಮೇಲೆ ತೆರೆಯಿರಿ.